ಫ್ಯಾನ್ ಆಫ್ ಮಾಡಿ, ಕಛೇರಿ ಶುರುಮಾಡಿ: ದಾವಣಗೆರೆಯಲ್ಲಿ ಪಿಯಾನೊ–ಪಿಟೀಲು ಕಾರ್ಯಕ್ರಮ ಮಾಡಿಸುವ ಬಗೆ

ನಾನು ಮೊದಲ ಸಲ ನಮ್ಮೂರಲ್ಲಿ ಪಿಯಾನೊ–ಪಿಟೀಲು ಕಛೇರಿ ಮಾಡಿಸಿದಾಗ ಆರ್ವೋ ಪಾರ್ಟ್ ಅನ್ನುವ ಈ ಕಾಲದ ಪಾಶ್ಚಾತ್ಯ ಸಂಗೀತಗಾರರ ಕೃತಿ ನಡೆಯುತ್ತಿತ್ತು. ಪಿಟೀಲು ಒಂದು ಉದ್ದನೆಯ ಸ್ವರ ಹಿಡಿದು ನಿಂತಿತ್ತು. ಇನ್ನೂ ಎರಡು ನಿಮಿಷ ಬಾಕಿ. ನಿರೂಪಣೆಗೆ ನಿಂತಿದ್ದ ಹುಡುಗ ಮುಗಿಯಿತು ಅಂದುಕೊಂಡ. ಮೈಕ್ ಹಿಡಿದು "ಅದ್ಭುತ! ಈಗ ಮುಂದಿನ ಕಾರ್ಯಕ್ರಮ..." ಅಂದೇಬಿಟ್ಟ. ಪಿಟೀಲಿನವರು ಬಿಲ್ಲು ಎತ್ತಲಿಲ್ಲ. ಪಿಯಾನೊದವರು ತಲೆಯೂ ಎತ್ತಲಿಲ್ಲ. ನುಡಿಸುತ್ತಲೇ ಹೋದರು. ಹುಡುಗ ಮೈಕ್ ಹಿಡಿದುಕೊಂಡೇ ಅಷ್ಟೂ ಹೊತ್ತು ನಿಂತಿದ್ದ.

ತಪ್ಪು ಅವನದಲ್ಲ, ನನ್ನದು. ಕೃತಿ ಎಷ್ಟು ಹೊತ್ತು, ಕೊನೆ ಹೇಗಿರುತ್ತದೆ ಅಂತ ಅವನಿಗೆ ನಾನು ಹೇಳಿರಲಿಲ್ಲ. ಆಮೇಲೆ ಇನ್ನೂ ಕೆಲವು ಸಲ ಮಾಡಿಸಿದೆ. ಪ್ರತಿ ಸಲವೂ ಒಂದೊಂದು ಹೊಸ ಎಡವಟ್ಟು. ಅಷ್ಟರಲ್ಲಿ ಒಂದು ವಿಷಯ ಮಾತ್ರ ಗಟ್ಟಿಯಾಯಿತು: ಈ ಸಂಗೀತಕ್ಕೆ ಸಂಘಟಕರು ಮಾಡುವ ಅರ್ಧ ಕೆಲಸ ಸದ್ದು ತಡೆಯುವುದು. ಹಾಲ್, ದಿನ, ಪಿಯಾನೊ, ಕುರ್ಚಿ, ತಿಂಡಿ ಏನೇ ತೀರ್ಮಾನ ಮಾಡುವಾಗಲೂ "ಇದರಿಂದ ಎಷ್ಟು ಸದ್ದು?" ಅಂತ ಕೇಳಿಕೊಳ್ಳಿ.

ನೂರು ಜನರ ಹಾಲ್, ಬೆಂಗಳೂರಿನಿಂದ ಇಬ್ಬರು ಕಲಾವಿದರು, ಒಂದು ಸಂಜೆ. ಈ ಅಳತೆಯ ಕಾರ್ಯಕ್ರಮಕ್ಕೆ ಬರೆದಿದ್ದೇನೆ. ಚಿತ್ರದುರ್ಗದವರಿಗೂ ಇದೇ ಲೆಕ್ಕ ನಡೆಯುತ್ತದೆ.

ಮೊದಲು ಸಂಗೀತ ಯಾವುದು ಅಂತ ನಿಮಗೆ ಗೊತ್ತಿರಲಿ

"ಸಮಕಾಲೀನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ" ಅಂದ ಕೂಡಲೇ ಜನ ಫ್ಯೂಷನ್ ಅಂದುಕೊಳ್ಳುತ್ತಾರೆ. ಇದು ಫ್ಯೂಷನ್ ಅಲ್ಲ. ಬಾಖ್, ಬೀಥೋವನ್ ಇದ್ದರಲ್ಲ, ಆ ಪರಂಪರೆಯಲ್ಲೇ ಎರಡನೇ ಮಹಾಯುದ್ಧದಿಂದ ಈಚೆಗೆ ಬರೆದದ್ದು ಅಂತ ಸರಳವಾಗಿ ಇಟ್ಟುಕೊಳ್ಳಿ. ಹೆಚ್ಚಿನದನ್ನು ಸ್ವರಲಿಪಿಯಲ್ಲಿ ಪೂರ್ತಿ ಬರೆದಿಟ್ಟಿರುತ್ತಾರೆ. ಕಲಾವಿದರು ಮನೋಧರ್ಮಕ್ಕೆ ತಕ್ಕಂತೆ ಬೆಳೆಸುವುದಿಲ್ಲ, ಬರೆದದ್ದನ್ನು ನುಡಿಸುತ್ತಾರೆ. ಕೆಲವು ಕೃತಿ ಕಿವಿಗೆ ಬೆಣ್ಣೆ. ಕೆಲವು ಮೊದಲ ಸಲಕ್ಕೆ ಕಬ್ಬಿಣದ ಕಡಲೆ.

"ನಮ್ಮ ಜನಕ್ಕೆ ಇದೆಲ್ಲ ಯಾಕೆ?" ಅಂತ ಒಬ್ಬರಾದರೂ ಕೇಳುತ್ತಾರೆ. ಅವರಿಗೆ ಜಯಚಾಮರಾಜೇಂದ್ರ ಒಡೆಯರ್ ಕಥೆ ಹೇಳಿ. ನಮ್ಮ ಮಹಾರಾಜರು ಪಿಯಾನೊ ಕಲಿತವರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಗೀತಗಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೋವನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ಕೃತಿ) ಒಡೆಯರಿಗೇ ಅರ್ಪಿಸಿದ್ದಾರೆ. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದ್ದರ ಹಿಂದೆಯೂ ಮೈಸೂರಿನ ದುಡ್ಡಿತ್ತು. ಆಗ ಅದು ಆ ಕಾಲದ ಹೊಸ ಸಂಗೀತ. ಹಾಗಿದ್ದಮೇಲೆ ನಾವು ಒಂದು ಸಂಜೆ ಕೂತು ಕೇಳಿದರೆ ಏನು ಹೋಗುತ್ತೆ?

ಇನ್ನು ನಮ್ಮೂರಿನ ಕಿವಿ. ವಚನ ಗಾಯನ, ಹಿಂದೂಸ್ತಾನಿ ಆಲಾಪ ಕೇಳಿ ಬೆಳೆದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಂದು ಸ್ವರದ ಮೇಲೆ ತಾಳ್ಮೆಯಿಂದ ಕೂರುವುದು ಅವರಿಗೆ ಹೊಸದೇನಲ್ಲ. ಇದನ್ನು ಮುಂದೆ ಕೃತಿ ಆರಿಸುವಾಗ ಬಳಸಿಕೊಳ್ಳೋಣ.

ದಿನ: ಧನುರ್ಮಾಸ ಹಿಡಿಯಿರಿ

ನನ್ನ ಅನುಭವದಲ್ಲಿ ಒಳ್ಳೆಯ ಸಮಯ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ. ಯಾಕೆ ಅಂದರೆ ಧನುರ್ಮಾಸದಲ್ಲಿ ಮದುವೆ ಮುಹೂರ್ತ ಇಲ್ಲ. ಹಾಲ್ ಖಾಲಿ ಇರುತ್ತದೆ, ಬಾಡಿಗೆ ಚೌಕಾಸಿಗೆ ಜಾಗ ಇರುತ್ತದೆ. ಪಕ್ಕದ ಕಲ್ಯಾಣ ಮಂಟಪದಿಂದ ಬ್ಯಾಂಡ್‌ಸೆಟ್ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಚಳಿ ಇರುವುದರಿಂದ ಫ್ಯಾನ್ ಬೇಡ.

ಫ್ಯಾನ್ ವಿಷಯ ತಮಾಷೆ ಅಲ್ಲ. ಹಳೆಯ ಹಾಲಿನ ಹತ್ತು ಫ್ಯಾನ್ ಒಟ್ಟಿಗೆ ತಿರುಗಿದರೆ ಪಿಟೀಲಿನ ಮೆಲುದನಿ ಪೂರ್ತಿ ಮುಳುಗುತ್ತದೆ. ಸ್ವರಲಿಪಿಯ ಹಾಳೆ ಹಾರುತ್ತದೆ. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಆಫ್ ಮಾಡಿ ನೂರು ಜನರನ್ನು ಒಂದು ಗಂಟೆ ಕೂರಿಸಿ ನೋಡೋಣ! ಆಗಲ್ಲ.

ಮಳೆಗಾಲವೂ ಬೇಡ, ಅದರಲ್ಲೂ ಶೀಟಿನ ಛಾವಣಿ ಇದ್ದರೆ. ಗಣೇಶನ ಹಬ್ಬದ ಆಸುಪಾಸು ಡಿಜೆ ಮೆರವಣಿಗೆ. ದುಗ್ಗಮ್ಮನ ಜಾತ್ರೆ ಸಮಯದಲ್ಲಿ ಊರೇ ಅಲ್ಲಿರುತ್ತದೆ, ನೀವೂ ಅಲ್ಲಿರಿ. ಧನುರ್ಮಾಸಕ್ಕೂ ಒಂದು ಎಚ್ಚರಿಕೆ ಇದೆ. ಅದು ಅಯ್ಯಪ್ಪ ಮಾಲೆಯ ಕಾಲ. ಹಾಲಿನ ಪಕ್ಕದಲ್ಲಿ ಸನ್ನಿಧಾನ ಇದ್ದರೆ ಸಂಜೆ ಭಜನೆ ಇರುತ್ತದೆ. ಮುಂಚೆಯೇ ಹೋಗಿ ಗುರುಸ್ವಾಮಿಗಳನ್ನು ಕೇಳಿಕೊಳ್ಳಿ. ನಾವು ಕೇಳಿದಾಗ "ಎಷ್ಟು ಗಂಟೆಗೆ ಮುಗಿಯುತ್ತೆ ಹೇಳಿ ಸ್ವಾಮಿ, ನಾವು ಆಮೇಲೆ ಶುರು ಮಾಡ್ತೀವಿ" ಅಂದರು. ಅಷ್ಟೇ, ಮುಗಿಯಿತು.

ಹಾಲ್: ಚಿಕ್ಕದು, ರಸ್ತೆಯಿಂದ ದೂರ

ದೊಡ್ಡ ಸಮುದಾಯ ಭವನದ ಆಸೆ ಬಿಡಿ. ಸಾವಿರ ಕುರ್ಚಿಯಲ್ಲಿ ಎಂಬತ್ತು ಜನ ಕೂತರೆ ಕಲಾವಿದರಿಗೂ ಬೇಜಾರು, ಬಂದವರಿಗೂ ಮುಜುಗರ. ಮೈಕ್ ಇಲ್ಲದೆ ಪಿಟೀಲು ಹಿಂದಿನ ಸಾಲಿಗೆ ಕೇಳಬೇಕು. ಅದಕ್ಕೆ ನೂರರಿಂದ ನೂರೈವತ್ತು ಜನರ ಜಾಗ ಸಾಕು. ಶಾಲೆಯ ಸಭಾಂಗಣ, ಚರ್ಚಿನ ಹಾಲ್, ಕಾಲೇಜಿನ ಸೆಮಿನಾರ್ ಹಾಲ್ ನೋಡಿ. ದೃಶ್ಯಕಲಾ ಕಾಲೇಜಿನ ಹುಡುಗರನ್ನೂ ಕೇಳಿ, ಅವರಿಗೆ ಇಂಥ ಜಾಗ ಗೊತ್ತಿರುತ್ತದೆ. ಹೊಸದರ ಬಗ್ಗೆ ಕುತೂಹಲವೂ ಜಾಸ್ತಿ.

ಹಾಲ್ ನೋಡಲು ಹೋಗುವುದು ಕಾರ್ಯಕ್ರಮದ ಹೊತ್ತಿಗೇ ಇರಲಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಹಾಲ್‌ಗಳೂ ಶಾಂತವೇ. ಸಂಜೆ ಆರೂವರೆಗೆ ಹೋಗಿ, ಬಾಗಿಲು ಹಾಕಿ, ಹತ್ತು ನಿಮಿಷ ಸುಮ್ನೆ ಕೂತು ಕೇಳಿಸಿದ್ದನ್ನೆಲ್ಲ ಬರೆದುಕೊಳ್ಳಿ. ಪಿ.ಬಿ. ರಸ್ತೆಯ ಬಸ್ ಹಾರ್ನ್, ರೈಲು, ನೀರಿನ ಪಂಪು, ನೆರೆಮನೆಯ ಮಿಕ್ಸರ್, ಟ್ಯೂಬ್‌ಲೈಟ್ ಚೋಕಿನ ಗುಂಯ್‌ಗುಟ್ಟುವಿಕೆ. ಇದರಲ್ಲಿ ಯಾವುದನ್ನು ನಿಲ್ಲಿಸಬಹುದು, ಯಾವುದನ್ನು ಆಗಲ್ಲ ಅಂತ ಗುರುತು ಹಾಕಿ. ರೈಲು ನಿಲ್ಲಿಸಲು ಆಗುವುದಿಲ್ಲ, ಹಾಗಾಗಿ ಹಳಿ ಹತ್ತಿರದ ಹಾಲ್ ಬೇಡ. ಪಂಪು ನಿಲ್ಲಿಸಬಹುದು, ಆದರೆ ಸ್ವಿಚ್ ಯಾರ ಕೈಲಿದೆ ಅಂತ ತಿಳಿದುಕೊಂಡಿರಿ.

ಆಮೇಲೆ ಹಾಲಿನ ಮಧ್ಯೆ ನಿಂತು ಒಂದು ಗಟ್ಟಿ ಚಪ್ಪಾಳೆ ಹೊಡೆಯಿರಿ. ಸದ್ದು ಒಂದೂವರೆ ಸೆಕೆಂಡಿನೊಳಗೆ ಕರಗಿದರೆ ಚೆನ್ನ. ಅದು ಎರಡು ಮೂರು ಸೆಕೆಂಡ್ ಅಲೆದಾಡಿದರೆ ಪಿಯಾನೊದ ವೇಗದ ಭಾಗಗಳು ಗೊಜ್ಜಾಗುತ್ತವೆ. ಟೈಲ್ಸ್ ನೆಲ, ಬೋಳು ಗೋಡೆ ಇರುವ ಕಡೆ ಹೀಗಾಗುತ್ತದೆ. ಮದ್ದು ಸುಲಭ: ಶಾಮಿಯಾನದವರಿಂದ ದಪ್ಪ ಜಮಖಾನ ತಂದು ಹಾಸಿ, ಹಿಂದಿನ ಗೋಡೆಗೆ ಪರದೆ ಇಳಿಬಿಡಿ. ಜನ ತುಂಬಿದ ಮೇಲೆ ಗುಂಗು ಇನ್ನಷ್ಟು ಇಳಿಯುತ್ತದೆ.

ಜಮಖಾನದ ಮೇಲೇ ಜನರನ್ನು ಕೂರಿಸಿದರೆ ಇನ್ನೂ ವಾಸಿ. ಪ್ಲಾಸ್ಟಿಕ್ ಕುರ್ಚಿ ಕಿರುಗುಡುವಷ್ಟು ಬೇರೇನೂ ಕಿರುಗುಡುವುದಿಲ್ಲ. ಹಿರಿಯರಿಗೆ ಎರಡು ಸಾಲು ಕುರ್ಚಿ ಹಿಂದೆ ಹಾಕಿ, ಉಳಿದವರು ನೆಲಕ್ಕೆ.

ಪಿಯಾನೊ: ತಲೆನೋವು ಇಲ್ಲೇ ಇರುವುದು

ನಮ್ಮ ಖರ್ಚಿನ ದೊಡ್ಡ ಪಾಲು ಇದಕ್ಕೇ ಹೋಯಿತು. ದಾರಿ ಮೂರು.

ಒಂದು, ಬೆಂಗಳೂರಿನಿಂದ ಗ್ರ್ಯಾಂಡ್ ಪಿಯಾನೊ (ತಂತಿಗಳು ಅಡ್ಡ ಮಲಗಿರುವ ದೊಡ್ಡದು) ತರಿಸುವುದು. ಒಂಬತ್ತು ಅಡಿಯ ದೊಡ್ಡ ಗ್ರ್ಯಾಂಡ್ ಸುಮಾರು ಐದು ಕ್ವಿಂಟಲ್ ತೂಗುತ್ತದೆ. ಕಾಲು ಬಿಚ್ಚಿ, ಪಕ್ಕಕ್ಕೆ ಮಗುಚಿ, ಹೊದಿಕೆ ಸುತ್ತಿ, ಹೆದ್ದಾರಿಯಲ್ಲಿ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ತರಬೇಕು. ಪ್ರಾಯೋಜಕರು ಗಟ್ಟಿ ಇದ್ದರೆ ಮಾತ್ರ ಯೋಚನೆ ಮಾಡಿ.

ಎರಡು, ಊರಲ್ಲೇ ಇರುವ ಹಳೆಯ ಅಪ್‌ರೈಟ್, ಅಂದರೆ ನೆಟ್ಟಗೆ ನಿಲ್ಲುವ ಪಿಯಾನೊ ಹುಡುಕುವುದು. ಕಾನ್ವೆಂಟು, ಚರ್ಚು, ಯಾರದೋ ಹಳೆಯ ಮನೆ, ಎಲ್ಲೋ ಒಂದು ಕಡೆ ಗೋಡೆಗೆ ಒರಗಿಸಿ ಮೇಲೆ ಹೂಕುಂಡ ಇಟ್ಟ ಪಿಯಾನೊ ಸಿಗಬಹುದು. ಕುಣಿದಾಡಬೇಡಿ. ಎಂಬತ್ತೆಂಟು ಕೀಲಿಗಳನ್ನೂ ಒಂದೊಂದಾಗಿ ಒತ್ತಿ ನೋಡಿ. ಒತ್ತಿದ್ದು ಮೇಲೆ ಬರುತ್ತದೆಯೇ? ಬಲಗಡೆಯ ಪೆಡಲ್ ಒತ್ತಿದಾಗ ಸ್ವರ ಉಳಿಯುತ್ತದೆಯೇ, ಬಿಟ್ಟಾಗ ನಿಲ್ಲುತ್ತದೆಯೇ? ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಮಧ್ಯದ 'ಎ' ಸ್ವರ 440 ಹರ್ಟ್ಸ್ ಹತ್ತಿರ ಇದೆಯೇ? ಅರ್ಧ ಸ್ವರ ಕೆಳಗಿದ್ದರೆ ಒಂದೇ ಸಲ ಎಳೆದು ಮೇಲೆ ತರಬೇಡಿ, ಹಳೆಯ ತಂತಿ ಹರಿದುಹೋಗುತ್ತದೆ. ಪಿಟೀಲಿನವರು ಬೇಕಾದರೆ ಸ್ವಲ್ಪ ಇಳಿಸಿಕೊಳ್ಳಬಹುದು, ಪಿಯಾನೊದ ಇನ್ನೂರಕ್ಕೂ ಹೆಚ್ಚು ತಂತಿಗೆ ಆ ಸೌಲಭ್ಯ ಇಲ್ಲ.

ಅಪ್‌ರೈಟ್ ಸಾಗಿಸುವಾಗ ಒಂದು ಮಾತು. ಎರಡು ಕ್ವಿಂಟಲ್‌ಗೂ ಮೇಲೆ ತೂಗುತ್ತದೆ. ಮಂಡಿಪೇಟೆಯ ಹಮಾಲರು ಬಂದರೆ ಎತ್ತುವುದೇನೂ ಕಷ್ಟ ಅಲ್ಲ, ಅವರ ತೋಳಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಅವರಿಗೆ ಅಭ್ಯಾಸ ಇರುವುದು ಮೂಟೆ. ಬೆನ್ನ ಮೇಲೆ ಮಲಗಿಸಲು ಹೊರಡುತ್ತಾರೆ. ನಾನು ಅಡ್ಡ ನಿಂತು "ಅಣ್ಣಾ, ಇದನ್ನ ನಿಂತಂಗೇ ಒಯ್ಯಬೇಕು" ಅಂದೆ. "ಬೀರು ಇದ್ದಂಗೆ ಅನ್ನಿ" ಅಂದರು ಅವರಲ್ಲಿ ಹಿರಿಯರು. ಹೌದು, ಗಾಜಿನ ಸಾಮಾನು ತುಂಬಿದ ಬೀರು. ಆ ಮಾತು ಸಾಕಾಯಿತು, ಹೂವಿನ ಹಾಗೆ ಇಳಿಸಿದರು.

ಸಾಗಿಸಿದ ಪಿಯಾನೊ ಹೊಸ ಜಾಗದ ಗಾಳಿಗೆ ಹೊಂದಿಕೊಳ್ಳಲು ಒಂದೆರಡು ದಿನವಾದರೂ ಬಿಡಿ. ಆಮೇಲೆ ಟ್ಯೂನಿಂಗ್. ಟ್ಯೂನ್ ಮಾಡುವವರು ಬೆಂಗಳೂರಿನಿಂದ ಬರಬೇಕಾಗಬಹುದು. ಅವರಿಗೆ ಎರಡು ಗಂಟೆ ಪೂರ್ತಿ ಶಾಂತಿ ಬೇಕು. ಅದೇ ಹೊತ್ತಿಗೆ ಬ್ಯಾನರ್ ಕಟ್ಟುವವರು ಮೊಳೆ ಹೊಡೆಯುತ್ತಿದ್ದರೆ ಅವರು ಪೆಟ್ಟಿಗೆ ಮುಚ್ಚಿ ಕೂತುಬಿಡುತ್ತಾರೆ. ಕೂತಿದ್ದರು.

ಮೂರನೆಯ ದಾರಿ ಡಿಜಿಟಲ್ ಪಿಯಾನೊ. ಮೊದಲ ಸಲ ಮಾಡಿಸುವವರಿಗೆ ನಾನು ಹೇಳುವುದು ಇದನ್ನೇ. ಶುದ್ಧವಾದಿಗಳು ಮೂಗು ಮುರಿಯಲಿ. ಎಂಬತ್ತೆಂಟು ಕೀಲಿ ಇರಲಿ, ಕೀಲಿಗೆ ಭಾರ ಇರಲಿ (ಆರ್ಕೆಸ್ಟ್ರಾದವರ ಹಗುರ ಕೀಬೋರ್ಡ್ ಬೇಡ), ಪೆಡಲ್ ಅರ್ಧ ಒತ್ತಿದರೆ ಅರ್ಧ ಕೆಲಸ ಮಾಡುವಂಥದ್ದು ಇರಲಿ. ಅಲುಗಾಡದ ಸ್ಟ್ಯಾಂಡ್, ಎತ್ತರ ಬದಲಿಸಬಹುದಾದ ಸ್ಟೂಲ್ ಬೇಕು. ಒಂದು ಮಿತಿ ಇದೆ: ಈ ಕಾಲದ ಕೆಲವು ಕೃತಿಗಳಲ್ಲಿ ಪಿಯಾನೊದ ಒಳಗೆ ಕೈಹಾಕಿ ತಂತಿ ಮೀಟುತ್ತಾರೆ, ತಂತಿಗಳ ನಡುವೆ ಸ್ಕ್ರೂ, ರಬ್ಬರ್ ಸಿಕ್ಕಿಸುತ್ತಾರೆ. ಅಮೆರಿಕದ ಸಂಗೀತಗಾರ ಜಾನ್ ಕೇಜ್ ಇದಕ್ಕೆ ಹೆಸರುವಾಸಿ. ಡಿಜಿಟಲ್‌ನಲ್ಲಿ ಒಳಗೆ ತಂತಿಯೇ ಇಲ್ಲ. ಅಂಥ ಕೃತಿ ಆರಿಸಬೇಡಿ.

ಕರೆಂಟು ಹೋದರೆ? ಮನೆಯ ಇನ್ವರ್ಟರ್ ಸಾಲುವಷ್ಟೇ ವಿದ್ಯುತ್ ಅದಕ್ಕೆ ಬೇಕಾಗುವುದು. ಆದರೆ ಸಾದಾ ಇನ್ವರ್ಟರ್ ಬದಲಾಗುವಾಗ ಒಂದು ಕ್ಷಣ ತಡೆಯುತ್ತದೆ, ಅಷ್ಟರಲ್ಲಿ ಪಿಯಾನೊ ಆಫ್ ಆಗಿ ಮತ್ತೆ ಆನ್ ಆಗಬಹುದು. ಕಂಪ್ಯೂಟರಿಗೆ ಹಾಕುವ ಯುಪಿಎಸ್ ಒಂದನ್ನು ನಡುವೆ ಇಡಿ. ಜನರೇಟರ್ ಬೇಡವೇ ಬೇಡ. ಅದು ಶುರುವಾದರೆ ಕಛೇರಿ ಅದರದ್ದೇ.

ಡಿಜಿಟಲ್‌ನ ಸದ್ದು ಎಲ್ಲಿಂದ ಬರುತ್ತದೆ ಅನ್ನುವುದೂ ಮುಖ್ಯ. ಒಂದೋ ಎರಡೋ ಸ್ಪೀಕರ್ ತಂದು ಪಿಯಾನೊದ ಹಿಂದೆಯೇ ಇಡಿ, ಪಿಟೀಲು ನಿಂತ ಜಾಗದಿಂದಲೇ ಪಿಯಾನೊ ಕೂಡ ಕೇಳಲಿ. ಗೋಡೆಯ ಕಾಲಂ ಸ್ಪೀಕರಿಗೆ ಕೊಟ್ಟರೆ ಪಿಟೀಲು ವೇದಿಕೆ ಮೇಲೆ, ಪಿಯಾನೊ ನಿಮ್ಮ ತಲೆ ಮೇಲೆ. ಮತ್ತೆ ಮೈಕ್‌ಸೆಟ್‌ನವರೊಂದಿಗೆ ಈ ಮಾತುಕತೆ ನಡೆದೇ ನಡೆಯುತ್ತದೆ:

"ಅಣ್ಣಾ, ಎಕೋ ಪೂರ್ತಿ ತೆಗೀರಿ."

"ಎಕೋ ಇಲ್ದಿದ್ರೆ ಏನ್ ಚೆಂದ ಸಾರ್? ಬೋಳು ಬೋಳು ಆಗುತ್ತೆ."

"ಆಗ್ಲಿ ಬಿಡಿ."

ಅವರು ತೆಗೆಯುತ್ತಾರೆ. ನೀವು ಆ ಕಡೆ ಹೋದ ಮೇಲೆ ಸ್ವಲ್ಪ ಹಾಕುತ್ತಾರೆ. ಕಾರ್ಯಕ್ರಮಕ್ಕೆ ಐದು ನಿಮಿಷ ಮುಂಚೆ ಇನ್ನೊಮ್ಮೆ ನೋಡಿ.

ಕೃತಿಗಳು ಮತ್ತು ಅವುಗಳ ಸಾಲು

ಒಟ್ಟು ಒಂದು ಗಂಟೆ, ನಡುವೆ ವಿರಾಮ ಬೇಡ. ವಿರಾಮ ಕೊಟ್ಟರೆ ಅರ್ಧ ಜನ ಬೆಣ್ಣೆದೋಸೆ ಕಡೆ ಹೋಗುತ್ತಾರೆ, ವಾಪಸ್ ಬರುವುದು ದೇವರಿಗೇ ಗೊತ್ತು. ಕೃತಿಗಳನ್ನು ಕಲಾವಿದರೇ ಆರಿಸುತ್ತಾರೆ. ಆದರೆ ನಿಮ್ಮ ಊರಿನ ಬಗ್ಗೆ ಹೇಳಿ, ಸಲಹೆ ಕೊಡಿ. ನಮಗೆ ಕೈಹಿಡಿದ ಸಾಲು ಇದು.

ಮೊದಲು ಆಲ್ಫ್ರೆಡ್ ಶ್ನಿಟ್ಕೆಯವರ 'ಹಳೆಯ ಶೈಲಿಯ ಸೂಟ್' (1972). ಸೂಟ್ ಅಂದರೆ ಚಿಕ್ಕ ಚಿಕ್ಕ ಭಾಗಗಳ ಸರಣಿ. ಸುಮಾರು ಹದಿನೈದು ನಿಮಿಷ, ಐದು ಚಿಕ್ಕ ಭಾಗ. ಅವರು ಸಿನಿಮಾಗಳಿಗೆ ಬರೆದ ಸಂಗೀತದಿಂದಲೇ ಕಟ್ಟಿದ್ದು, ಕಿವಿಗೆ ಇನ್ನೂರೈವತ್ತು ವರ್ಷ ಹಳೆಯದರಂತೆ ಇಂಪಾಗಿ ಕೇಳುತ್ತದೆ. ಇದನ್ನು ಮೊದಲಿಡಲು ನನ್ನ ನಿಜವಾದ ಕಾರಣ ಬೇರೆ: ನಮ್ಮ ಜನ ತಡವಾಗಿ ಬರುತ್ತಾರೆ. ಐದು ಭಾಗ ಅಂದರೆ ನಾಲ್ಕು ಸಲ ಬಾಗಿಲು ತೆಗೆಯಬಹುದು.

ಎರಡನೆಯದು ಜಾನ್ ಕೇಜ್ ಅವರ 'ಆರು ಮಧುರಗೀತೆಗಳು' (1950). ಇದರಲ್ಲಿ ಪಿಟೀಲಿನವರಿಗೆ ಒಂದು ವಿಚಿತ್ರ ಸೂಚನೆ ಇದೆ. ಸ್ವರವನ್ನು ಅಲುಗಿಸಬೇಡಿ, ಬಿಲ್ಲಿನ ಭಾರವನ್ನು ಆದಷ್ಟು ಕಡಿಮೆ ಮಾಡಿ ಅಂತ. ಗಮಕದಲ್ಲೇ ಜೀವ ಇರುವ ಪಿಟೀಲು ಕೇಳಿದ ನಮಗೆ ಇದು ಒಣ ರೊಟ್ಟಿ ಅನ್ನಿಸಬಹುದು. ಮೊದಲೇ ಹೇಳಿಬಿಡಿ: ಬೇಕಂತಲೇ ಹೀಗೆ, ಕಲಾವಿದರಿಗೆ ಬಾರದೆ ಅಲ್ಲ.

ಮೂರನೆಯದು ಒಲಿವಿಯೆ ಮೆಸ್ಸಿಯಾನ್ ಅವರ 'ವಸ್ತು ಮತ್ತು ವ್ಯತ್ಯಾಸಗಳು' (1932). ವರ್ಷ ಸ್ವಲ್ಪ ಹಿಂದಿನದು, ಆದರೂ ಹಾಕಿದೆವು. ಪಿಟೀಲು ನುಡಿಸುತ್ತಿದ್ದ ಹೆಂಡತಿಗೆ ಮದುವೆಯ ಉಡುಗೊರೆಯಾಗಿ ಬರೆದದ್ದು, ಹತ್ತು ನಿಮಿಷದ್ದು. ಈ ಮೆಸ್ಸಿಯಾನ್ ನಮ್ಮ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದಲ್ಲಿ ಬರುವ 120 ದೇಶೀ ತಾಳಗಳ ಪಟ್ಟಿಯನ್ನು ಕೂತು ಅಭ್ಯಾಸ ಮಾಡಿದವರು. ಮುಂದೆ ಬರೆದ ಕೃತಿಗಳಲ್ಲಿ ಅವುಗಳನ್ನು ಬಳಸಿದರು. ಇಷ್ಟು ಹೇಳಿದರೆ ತಬಲಾ ಕಲಿತವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ.

ನಾಲ್ಕನೆಯದು ಪಾರ್ಟ್. ಎಸ್ಟೋನಿಯಾದವರು, 1935ರಲ್ಲಿ ಹುಟ್ಟಿದವರು. ಕೃತಿ 1978ರದ್ದು, ಹೆಸರು 'ಶ್ಪೀಗೆಲ್ ಇಮ್ ಶ್ಪೀಗೆಲ್', ಅರ್ಥ 'ಕನ್ನಡಿಯೊಳಗೆ ಕನ್ನಡಿ'. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ನಮ್ಮೂರಿನ ಕಿವಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ.

ಪಿಯಾನೊ ಬಿಡದೆ ಮೂರು ಮೂರು ಸ್ವರ ಬಿಡಿಸಿ ನುಡಿಸುತ್ತದೆ, ಒಂದೇ ನಡಿಗೆಯಲ್ಲಿ. ತಂಬೂರಿ ಅಂದುಕೊಳ್ಳಿ, ಆದರೆ ಜಾಗ ಬದಲಿಸುವ ತಂಬೂರಿ. ಪಿಟೀಲು ಮೊದಲು ಎರಡೇ ಸ್ವರ ಹಿಡಿಯುತ್ತದೆ. ಮುಂದೆ ಮೂರು. ಹೀಗೆ ಒಂದೊಂದೇ ಸ್ವರ ಸೇರುತ್ತಾ ಹೋಗುತ್ತದೆ. ಒಮ್ಮೆ ಏರಿದರೆ ಮುಂದಿನ ಸಲ ಅಷ್ಟೇ ಇಳಿಯುತ್ತದೆ, ಅದೇ ಕನ್ನಡಿ. ಎಷ್ಟು ದೂರ ಹೋದರೂ ಕೊನೆಗೆ 'ಎ' ಸ್ವರಕ್ಕೆ ವಾಪಸ್ ಬರುತ್ತದೆ. ಕೃತಿ ಇರುವುದು ಎಫ್ ಮೇಜರ್‌ನಲ್ಲಿ. ಅಂದರೆ ಎಫ್ ಅನ್ನು ಷಡ್ಜ ಮಾಡಿಕೊಂಡರೆ ಪಿಟೀಲು ಪ್ರತಿ ಸಲ ಬಂದು ನಿಲ್ಲುವುದು ಗಾಂಧಾರದ ಮೇಲೆ. ಸ್ವರಗಳು ಬಿಲಾವಲ್ ಥಾಟಿನವು, ಅಂದರೆ ಎಲ್ಲವೂ ಶುದ್ಧ ಸ್ವರ. ಒಂದೊಂದೇ ಸ್ವರ ಸೇರಿಸುತ್ತಾ ಬೆಳೆಸುವುದಕ್ಕೆ ನಮ್ಮಲ್ಲಿ ಬಢತ್ ಅನ್ನುತ್ತಾರೆ ಅಲ್ವಾ? ಪಾರ್ಟ್ ಅದನ್ನು ನಮ್ಮಿಂದ ತೆಗೆದುಕೊಂಡಿದ್ದಲ್ಲ, ಅವರ ದಾರಿಯೇ ಬೇರೆ. ಆದರೆ ನಿರೂಪಕರು ಮೊದಲು ಹಾರ್ಮೋನಿಯಂನಲ್ಲಿ ಆ ಗಾಂಧಾರ ಒಂದನ್ನು ಒತ್ತಿ ತೋರಿಸಿ, "ಇದು ಮನೆ, ಪಿಟೀಲು ಹೊರಗೆ ಹೋಗಿ ಹೋಗಿ ಇಲ್ಲಿಗೇ ಬರುತ್ತೆ, ನೋಡ್ತಿರಿ" ಅಂದರೆ ಮಕ್ಕಳೂ ಹಿಡಿದುಕೊಳ್ಳುತ್ತಾರೆ. ಎರಡನೇ ಸಲ ಹಾಗೆ ಮಾಡಿದಾಗ ಮುಂದಿನ ಸಾಲಿನ ಒಬ್ಬ ಅಜ್ಜಿ ಪ್ರತಿ ಸಲ ಪಿಟೀಲು ಮನೆ ಸೇರಿದಾಗ ತಲೆ ಆಡಿಸುತ್ತಿದ್ದರು.

ಕೊನೆಗೆ ಜಾನ್ ಆಡಮ್ಸ್ ಅವರ 'ರೋಡ್ ಮೂವೀಸ್' (1995). ಹದಿನಾರು ನಿಮಿಷದ ಪ್ರಯಾಣ. ಹೆದ್ದಾರಿ ಪಕ್ಕದ ಊರಿನವರಿಗೆ ಹೆಸರೇ ಅರ್ಥವಾಗುತ್ತದೆ. ಎರಡನೇ ಭಾಗಕ್ಕೆ ಪಿಟೀಲಿನ ಅತಿ ಕೆಳಗಿನ ತಂತಿಯನ್ನು 'ಜಿ'ಯಿಂದ 'ಎಫ್'ಗೆ ಇಳಿಸಬೇಕು. ನಡುವೆ ತಂತಿ ತಿರುಪುವಾಗ ಜನ ಮಾತಾಡಲು ಶುರು ಮಾಡುತ್ತಾರೆ. ಅದನ್ನೂ ಮೊದಲೇ ಹೇಳಿಡಿ. ಕೊನೆಯ ಭಾಗ ಕುದುರೆ ಓಟ. ಚಪ್ಪಾಳೆ ತಾನಾಗಿ ಬರುತ್ತದೆ.

ಮೇಲೊಂದು ಚಿಕ್ಕದು ಕೈಯಲ್ಲಿ ಇಟ್ಟುಕೊಂಡಿರಲಿ. ಇದು ಕಂಪನಿ ನಾಟಕದ ಊರು, 'ಒನ್ಸ್ ಮೋರ್' ಅಂತ ಯಾರಾದರೂ ಕೂಗದೆ ಇರುವುದಿಲ್ಲ. ಬಾರ್ಟೋಕ್ ಅವರ ರೊಮೇನಿಯಾ ಜಾನಪದ ಕುಣಿತಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಆರು ಕುಣಿತ ಸೇರಿ ಆರೇಳು ನಿಮಿಷ.

ಹಕ್ಕು ಮತ್ತು ಹಾಳೆ

ನಮ್ಮ ಕಾನೂನಿನಲ್ಲಿ ಸಂಗೀತಗಾರರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ. ಬಾರ್ಟೋಕ್ 1945ರಲ್ಲಿ ಹೋದರು, ಆದರೆ ಅವರ ಕುಣಿತಗಳನ್ನು ಪಿಟೀಲು–ಪಿಯಾನೊಗೆ ಹೊಂದಿಸಿದ ಝೋಲ್ತಾನ್ ಸೇಕೆಯ್ ತೀರಿಕೊಂಡಿದ್ದು 2001ರಲ್ಲಿ. ಕೇಜ್, ಮೆಸ್ಸಿಯಾನ್ ಇಬ್ಬರೂ 1992, ಶ್ನಿಟ್ಕೆ 1998. ಅವರದ್ದೆಲ್ಲ ಇನ್ನೂ ಹಕ್ಕಿನಲ್ಲಿದೆ. ಹವ್ಯಾಸಿ ಸಂಘ ಪುಕ್ಕಟೆ ಪ್ರೇಕ್ಷಕರ ಮುಂದೆ ನುಡಿಸಿದರೆ 1957ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಸಂಭಾವನೆ ಕೊಟ್ಟು ವೃತ್ತಿ ಕಲಾವಿದರನ್ನು ಕರೆಸಿದರೆ ಅದನ್ನೇ ನಂಬಿ ಕೂರಬೇಡಿ. ಸಂಗೀತದ ಹಕ್ಕುಸ್ವಾಮ್ಯ ನೋಡಿಕೊಳ್ಳುವ ಸಂಸ್ಥೆ ಐಪಿಆರ್‌ಎಸ್‌ಗೆ ಬರೆದು ಪರವಾನಗಿ ವಿಚಾರಿಸಿ. ಸ್ವರಲಿಪಿ ಸಾಮಾನ್ಯವಾಗಿ ಕಲಾವಿದರ ಬಳಿಯೇ ಇರುತ್ತದೆ, ಝೆರಾಕ್ಸ್ ಮಾಡಿಸಿ ಹಂಚುವ ಕೆಲಸಕ್ಕೆ ಕೈಹಾಕಬೇಡಿ.

ಪಿಯಾನೊದವರಿಗೆ ಹಾಳೆ ತಿರುಗಿಸುವವರು ಬೇಕಾ ಅಂತ ಕೇಳಿ. ಈಗ ಹಲವರು ಟ್ಯಾಬ್ ಇಟ್ಟುಕೊಂಡು ಕಾಲಲ್ಲಿ ಪೆಡಲ್ ಒತ್ತುತ್ತಾರೆ. ಬೇಕು ಅಂದರೆ ಪಾಶ್ಚಾತ್ಯ ಸ್ವರಲಿಪಿ ಓದಬಲ್ಲವರೇ ಆಗಬೇಕು. ಅವರು ಪಿಯಾನೊದವರ ಎಡಕ್ಕೆ ಕೂತು, ಎದ್ದು, ಎಡಗೈಯಿಂದ ಮೇಲಿನ ಮೂಲೆ ಹಿಡಿದು ತಿರುಗಿಸಬೇಕು. ಬಳೆ, ಉದ್ದನೆಯ ದುಪಟ್ಟಾ, ಸೆಂಟು ಬೇಡ.

ಜನರನ್ನು ಕರೆಯುವುದು

ಆಹ್ವಾನ ಪತ್ರಿಕೆಯಲ್ಲಿ ದೊಡ್ಡ ದೊಡ್ಡ ಪದ ಬೇಡ. "ಪಿಯಾನೊ ಮತ್ತು ಪಿಟೀಲು. ನಮ್ಮ ಕಾಲದ ಪಾಶ್ಚಾತ್ಯ ಸಂಗೀತ. ಒಂದು ಗಂಟೆ. ಹಾಡುಗಾರಿಕೆ ಇರುವುದಿಲ್ಲ." ಇಷ್ಟು ಸಾಕು. ಕೊನೆಯ ಸಾಲು ಇಲ್ಲದಿದ್ದರೆ "ಯಾವ ಭಾವಗೀತೆ ಹಾಡ್ತಾರೆ?" ಅಂತ ಫೋನ್ ಬರುತ್ತವೆ.

ವಾಟ್ಸ್ಆ್ಯಪ್‌ಗಿಂತ ಮನೆಗೆ ಹೋಗಿ ಕರೆದದ್ದೇ ಫಲ ಕೊಟ್ಟಿದ್ದು. ಸಂಗೀತ ಪಾಠ ಹೇಳುವ ಮೇಷ್ಟ್ರು, ಟೀಚರ್‌ಗಳನ್ನು ಮೊದಲು ಕಂಡು ಬನ್ನಿ. ಒಬ್ಬ ಪಿಟೀಲು ಗುರುಗಳು ಬಂದರೆ ಹಿಂದೆ ಹದಿನೈದು ಶಿಷ್ಯರು. ಆ ಮಕ್ಕಳಿಗೆ ಇದು ಬಹಳ ಮಜಾ. ಅವರು ಕಾಲು ಮಡಿಸಿ ಕೂತು, ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟು ನುಡಿಸುತ್ತಾರೆ. ಇಲ್ಲಿ ನಿಂತು, ಗದ್ದಕ್ಕೆ ಒತ್ತಿ ನುಡಿಸುತ್ತಾರೆ. ಅವರ ತಂತಿ ಸ-ಪ-ಸ-ಪ, ಇವರದ್ದು ಜಿ-ಡಿ-ಎ-ಇ. ಕಾರ್ಯಕ್ರಮದ ದಿನ ಮಧ್ಯಾಹ್ನ ಅರ್ಧ ಗಂಟೆ ಮಕ್ಕಳನ್ನು ಕಲಾವಿದರ ಜೊತೆ ಕೂರಿಸಿ. ಸಂಜೆ ಆ ಮಕ್ಕಳೇ ಅಪ್ಪ ಅಮ್ಮನಿಗೆ "ಶ್... ಸುಮ್ನಿರಿ" ಅನ್ನುತ್ತವೆ.

ಆ ದಿನ

ಕಲಾವಿದರನ್ನು ಹಿಂದಿನ ದಿನವೇ ಕರೆಸಿಕೊಳ್ಳಿ. ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ, ಪಿಟೀಲು ಹಿಡಿದು ಬರುವವರಿಗೆ ಬಸ್ಸಿಗಿಂತ ಅನುಕೂಲ. ಸ್ಟೇಷನ್ನಿನಿಂದ ಬರುತ್ತಾ ದೋಸೆ ತಿನ್ನಲು ನಿಂತರೆ ಪಿಟೀಲನ್ನು ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ. ಕಾವಿಗೆ ಅಂಟು ಬಿಡುತ್ತದೆ. ಜೊತೆಗೇ ಹೋಟೆಲಿನೊಳಗೆ ಬರಲಿ, ಒಂದು ಕುರ್ಚಿ ಅದಕ್ಕೂ.

ವೇದಿಕೆಯಲ್ಲಿ ಪಿಯಾನೊದವರ ಬಲಗೈ ಪ್ರೇಕ್ಷಕರ ಕಡೆ ಬರುವ ಹಾಗೆ ಪಿಯಾನೊ ಅಡ್ಡಡ್ಡ ಇಡಿ. ಗ್ರ್ಯಾಂಡ್ ಆದರೆ ಮುಚ್ಚಳ ಜನರ ಕಡೆ ತೆರೆಯುತ್ತದೆ. ಎಷ್ಟು ತೆರೆಯಬೇಕು ಅಂತ ಇಬ್ಬರೂ ನುಡಿಸಿ ನೋಡಿ ತೀರ್ಮಾನಿಸಲಿ. ಪಿಟೀಲಿನವರು ಪಿಯಾನೊದ ಬಾಗಿನ ಹತ್ತಿರ, ಒಬ್ಬರ ಕಣ್ಣಿಗೆ ಒಬ್ಬರು ಕಾಣುವಂತೆ ನಿಲ್ಲಬೇಕು. ಹೂವಿನ ಕುಂಡ, ದೀಪದ ಕಂಬ, ನೆನಪಿನ ಕಾಣಿಕೆಯ ಮೇಜು ನಡುವೆ ಬರಬಾರದು. ಹಾಳೆ ಮೇಲೆ ಬೆಳಕು ಸಾಕಷ್ಟಿದೆಯಾ ಅಂತ ಕತ್ತಲಾದ ಮೇಲೆ ನೋಡಿ, ಮಧ್ಯಾಹ್ನವಲ್ಲ.

ಸಭಾ ಕಾರ್ಯಕ್ರಮ ಐದು ನಿಮಿಷ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ಅಂತ ಹೊರಟರೆ ಒಂದೂವರೆ ಗಂಟೆ ಅಲ್ಲೇ ಹೋಗುತ್ತದೆ, ಪಿಟೀಲಿನವರ ಬೆರಳು ತಣ್ಣಗಾಗುತ್ತದೆ. ದೀಪ ಬೆಳಗಿಸಿ, ಎರಡು ಮಾತು ಸ್ವಾಗತ, ಅಷ್ಟೇ. ಶಾಲು, ಹಾರ, ಮೈಸೂರು ಪೇಟ ಎಲ್ಲ ಕಛೇರಿ ಮುಗಿದ ಮೇಲೆ. ಮುಖ್ಯ ಅತಿಥಿಗಳಿಗೆ ಇದನ್ನು ಹಿಂದಿನ ದಿನವೇ ಮನೆಗೆ ಹೋಗಿ ಹೇಳಿ. ಅಲ್ಲಿ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಮನೆಯಲ್ಲಿ ಹೇಳಿದರೆ ಕಾಫಿ ಕೊಡುತ್ತಾರೆ.

ನಿರೂಪಕರ ಕೈಗೆ ಒಂದು ಚೀಟಿ ಕೊಡಿ. ಪ್ರತಿ ಕೃತಿಗೂ ಎಷ್ಟು ನಿಮಿಷ, ಎಷ್ಟು ಭಾಗ, ಕೊನೆ ಹೇಗೆ. ಒಂದೇ ನಿಯಮ: ಇಬ್ಬರೂ ಕೈ ಕೆಳಗಿಳಿಸಿ ಜನರ ಕಡೆ ನೋಡುವ ತನಕ ಮೈಕ್ ಮುಟ್ಟುವಂತಿಲ್ಲ. ಭಾಗಗಳ ನಡುವೆ ಯಾರಾದರೂ ಚಪ್ಪಾಳೆ ತಟ್ಟಿದರೆ ಗದರಿಸಬೇಡಿ. ಖುಷಿಯಾಗಿ ತಟ್ಟಿದ್ದಾರೆ, ಬಿಡಿ. ಫೋನ್ ಬಗ್ಗೆ ಮಾತ್ರ ಖಡಾಖಂಡಿತ. "ಸೈಲೆಂಟ್ ಮಾಡಿ" ಅಂದರೆ ಕೇಳುವುದಿಲ್ಲ. "ಈಗ ಎಲ್ಲರೂ ಫೋನ್ ಕೈಗೆ ತಗೊಳ್ಳಿ, ನಾವೂ ತಗೋತೀವಿ, ಒಟ್ಟಿಗೆ ಆಫ್ ಮಾಡೋಣ" ಅಂದರೆ ಮಾಡುತ್ತಾರೆ.

ಬಾಗಿಲಲ್ಲಿ ಒಬ್ಬ ಗಟ್ಟಿ ಮನುಷ್ಯನನ್ನು ನಿಲ್ಲಿಸಿ. ತಡವಾಗಿ ಬಂದವರು ಎಷ್ಟೇ ದೊಡ್ಡವರಾದರೂ ಭಾಗ ಮುಗಿಯುವ ತನಕ ಹೊರಗೆ. ಅವನಿಗೆ ಇನ್ನೊಂದು ಕೆಲಸವೂ ಇದೆ: ಮಂಡಕ್ಕಿ ಪೊಟ್ಟಣ ಹಿಡಿದು ಒಳಗೆ ಬರುವವರನ್ನು ತಡೆಯುವುದು. ನಗಬೇಡಿ. ನಮ್ಮೂರಲ್ಲಿ ಸಂಜೆ ಆರೂವರೆ ಅಂದರೆ ಮಂಡಕ್ಕಿ–ಮಿರ್ಚಿ ಹೊತ್ತು. ಕೇಜ್ ಅವರ ಕೃತಿಯ ನಡುವೆ ನಾಲ್ಕನೇ ಸಾಲಿನಿಂದ ಕರುಂ ಕರುಂ ಕೇಳಿಸಿದ್ದು ನನಗಿನ್ನೂ ನೆನಪಿದೆ. ಮುಗಿದ ಮೇಲೆ ಹೊರಗೆ ನಾವೇ ಮಂಡಕ್ಕಿ, ಮಿರ್ಚಿ, ಚಹಾ ಕೊಡುತ್ತೇವೆ ಅಂತ ಮೊದಲೇ ಹೇಳಿ. ಕೊನೆವರೆಗೂ ಕೂರುತ್ತಾರೆ. ಮಿರ್ಚಿ ಕರಿಯುವ ಒಲೆ ಮಾತ್ರ ಕಿಟಕಿಯ ಪಕ್ಕ ಬೇಡ. ಎಣ್ಣೆಯ ಚುಂಯ್ ಸದ್ದು, ಮೇಲೆ ಆ ವಾಸನೆ, ಯಾವ ಪಾರ್ಟ್ ತಡೆದಾರು?

ಫ್ಯಾನಿನ ಸ್ವಿಚ್‌ಗಳ ಮೇಲೆ ಅಗಲದ ಟೇಪು ಅಂಟಿಸಿ. ಇಲ್ಲದಿದ್ದರೆ ಯಾರೋ ಒಬ್ಬರು ಸೆಖೆ ಅಂತ ಎದ್ದು ಹೋಗಿ ಹಾಕಿಯೇ ಹಾಕುತ್ತಾರೆ.

ಮುಗಿದ ಮೇಲೆ

ಸಂಭಾವನೆ ಅದೇ ರಾತ್ರಿ, ಕವರಿನಲ್ಲೋ ಫೋನಿನಲ್ಲೋ, ಕಲಾವಿದರು ಕೇಳುವ ಮುಂಚೆ. ಟೆಂಪೋದವರಿಗೆ, ಹಮಾಲರಿಗೆ ಊಟದ ಸಮೇತ. ಪಿಯಾನೊ ಕೊಟ್ಟ ಮನೆಯವರಿಗೆ ಅದು ಮತ್ತೆ ಗೋಡೆಗೆ ಒರಗಿದ ಮೇಲೆ ಒಂದು ಸಲ ನುಡಿಸಿ ತೋರಿಸಿ, ಹೂಕುಂಡ ಬೇರೆ ಕಡೆ ಇಡಿ ಅಂತ ಮೆಲ್ಲಗೆ ಹೇಳಿ.

ಸ್ವಿಚ್ಚಿನ ಟೇಪು ಕೀಳುವುದು ಮರೆಯಬೇಡಿ. ನಾವು ಮರೆತಿದ್ದೆವು. ಮರುದಿನ ಮಧ್ಯಾಹ್ನ ಅದೇ ಹಾಲಿನಲ್ಲಿ ಯಾವುದೋ ಸಂಘದ ವಾರ್ಷಿಕ ಸಭೆ ಇತ್ತಂತೆ. ಹನ್ನೆರಡೂವರೆಗೆ ವಾಚ್‌ಮನ್ ಫೋನ್ ಮಾಡಿ, "ಸಾರ್, ಫ್ಯಾನಿಗೇನೋ ಕಟ್ಟಿ ಹೋಗಿದೀರಂತೆ, ಕಿತ್ತರೆ ನಿಮ್ಮ ಸಂಗೀತಕ್ಕೆ ಏನಾದ್ರೂ ತೊಂದ್ರೆ ಆಗುತ್ತಾ?" ಅಂತ ಕೇಳಿದ.